ಶೂ ಡಬ್ಬಿಯ ಮುತ್ತಜ್ಜಿ: ಐದನೇ ತಿಂಗಳ ಲೆಕ್ಕ

ಈ ತಿಂಗಳು ಮುತ್ತಜ್ಜಿಗೆ ಒಂದು ಊರು ಸಿಕ್ಕಿತು, ಮನೆತನದ ಎರಡು ಕಥೆಗಳು ಬಿದ್ದುಹೋದವು. ಅತ್ತೆಗೆ ಎರಡನೆಯದರ ಬಗ್ಗೆ ಇನ್ನೂ ಸ್ವಲ್ಪ ಮುನಿಸಿದೆ.

ಮುತ್ತಜ್ಜಿ ನನ್ನವಳಲ್ಲ, ಅತ್ತೆಯವರ ಮುತ್ತಜ್ಜಿ. ಮ್ಯಾಸಚೂಸೆಟ್ಸ್‌ನ ಐರಿಶ್ ಮನೆತನಕ್ಕೆ ಸೊಸೆಯಾಗಿ ಬಂದ ನನಗೆ ಚಳಿಗಾಲದಲ್ಲಿ ಅವರು ಒಂದು ಶೂ ಡಬ್ಬಿ ಕೊಟ್ಟರು. ಹನ್ನೊಂದು ಫೋಟೊ, ಒಂದರ ಹಿಂದೆಯೂ ಹೆಸರಿಲ್ಲ. ನಮ್ಮ ತಾತನ ಊರಿಗಾದರೆ ಎತ್ತಿನ ಮೇಲೆ ಹೆಳವ ಬರುತ್ತಿದ್ದ. ತಲೆಮಾರುಗಳ ಹೆಸರನ್ನು ಉಸಿರು ಬಿಡದೆ ಒಪ್ಪಿಸಿ, ಧಾನ್ಯ ಕಟ್ಟಿಸಿಕೊಂಡು ಹೋಗುತ್ತಿದ್ದ. ಇವರ ವಂಶಕ್ಕೆ ಹೆಳವರಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು, ಧಾನ್ಯವಿಲ್ಲದೆ.

ಮೂರನೇ ಫೋಟೊ ತೋರಿಸಿ ಅತ್ತೆ ಹೇಳಿದ್ದು ಇಷ್ಟು: ಇವಳು ಐರ್ಲೆಂಡಿನ ಕ್ಲೇರ್ ಕೌಂಟಿಯವಳು, ಮಹಾಕ್ಷಾಮದಲ್ಲಿ ಹಡಗು ಹತ್ತಿದವಳು, ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಇವಳ ಮನೆತನದ ಹೆಸರು ಬದಲಿಸಿದರು. ದಪ್ಪ ರಟ್ಟಿಗೆ ಅಂಟಿಸಿದ ಕ್ಯಾಬಿನೆಟ್ ಕಾರ್ಡ್ ಅದು. ಇಪ್ಪತ್ತೈದರ ಆಸುಪಾಸಿನ ಹೆಂಗಸು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಾಳೆ. ಮುಖ ಸ್ಪಷ್ಟವಾಗಿದೆ, ಎಡಗೈ ಬೆರಳುಗಳು ಮಾತ್ರ ಮಸುಕು. ತಾಳ್ಮೆ ಮುಗಿದು ಅಲುಗಿಸಿರಬೇಕು. ರವಿಕೆಯ ತೋಳು ಭುಜದಲ್ಲಿ ಕುಂಬಳಕಾಯಿಯಂತೆ ಉಬ್ಬಿ, ಮೊಣಕೈಯಿಂದ ಕೆಳಗೆ ಬಿಗಿಯಾಗಿದೆ. ಈ ತೋಳಿನ ಹುಚ್ಚು ನೆತ್ತಿಗೇರಿದ್ದು 1895ರ ಸುಮಾರಿಗೆ. ರಟ್ಟಿನ ಹಿಂದೆ ಮ್ಯಾಸಚೂಸೆಟ್ಸ್‌ನ ಲೋವೆಲ್ ಪಟ್ಟಣದ ಸ್ಟುಡಿಯೊದ ಬೀದಿ ವಿಳಾಸವಿತ್ತು. ಹಳೆಯ ವಿಳಾಸ ಪುಸ್ತಕಗಳನ್ನು ವರ್ಷವರ್ಷವಾಗಿ ತಿರುವಿದಾಗ, ಆ ಛಾಯಾಗ್ರಾಹಕ ಆ ಬೀದಿಯಲ್ಲಿದ್ದದ್ದು 1893ರಿಂದ 1897ರವರೆಗೆ ಮಾತ್ರ. ಕ್ಷಾಮ ಶುರುವಾದದ್ದು 1845ರಲ್ಲಿ, ಮುಗಿದದ್ದು 1852ರಲ್ಲಿ. ಆಗ ಹಡಗು ಹತ್ತಿದವಳು ಈ ಫೋಟೊದ ಹೊತ್ತಿಗೆ ನಲವತ್ತು ದಾಟಿರಬೇಕಿತ್ತು. ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಅಷ್ಟು ದೊಡ್ಡ ದುಃಖದ ಪಕ್ಕದಲ್ಲಿ ಕೆಲಸ ಹುಡುಕಿ ಬಂದ ಹುಡುಗಿಯ ಕಥೆ ಸಪ್ಪೆ ಅನ್ನಿಸಿತೋ ಏನೋ, ಯಾರೋ ಅವಳನ್ನೂ ಕ್ಷಾಮದ ಹಡಗಿಗೆ ಹತ್ತಿಸಿದ್ದಾರೆ.

1900ರ ಅಮೆರಿಕದ ಜನಗಣತಿಯಲ್ಲಿ ಅವಳು ಸಿಕ್ಕಿದಳು: ಹುಟ್ಟಿದ್ದು ಮೇ 1870, ವಲಸೆ ಬಂದದ್ದು 1887. ಎಲ್ಲಿಸ್ ದ್ವೀಪದ ಬಾಗಿಲು ತೆರೆದದ್ದೇ 1892ರ ಜನವರಿ 1ರಂದು. ಹೀಗೆ ಎರಡನೇ ಕಥೆಯೂ ಹೋಯಿತು. ಅದೇ ಸಾಲಿನಲ್ಲಿ ಇನ್ನೆರಡು ಪುಟ್ಟ ಕಾಲಂಗಳಿವೆ: ಹೆತ್ತ ಮಕ್ಕಳು 5, ಬದುಕಿರುವವರು 3. ಅತ್ತೆಗೆ ಗೊತ್ತಿದ್ದದ್ದು ಮೂವರು ಮಾತ್ರ. ಫೋನಿನ ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ.

ಇನ್ನು ಐರ್ಲೆಂಡಿನ ಕಡೆ. ಅಲ್ಲಿನ ದಾಖಲೆಗಳೆಲ್ಲ ಸುಟ್ಟುಹೋಗಿವೆ ಎಂದು ಎಲ್ಲರೂ ಹೆದರಿಸುತ್ತಾರೆ. 1922ರ ಜೂನ್‌ನಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆ ಭಂಡಾರ ಉರಿದದ್ದು ನಿಜ, ಹಳೆಯ ಜನಗಣತಿಗಳ ಬಹುಪಾಲು ಬೂದಿಯಾದದ್ದೂ ನಿಜ. ಆದರೆ 1864ರಿಂದ ಬರೆದಿಟ್ಟ ಜನನ ನೋಂದಣಿಗಳು ಅಲ್ಲಿರಲಿಲ್ಲ, ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳೂ ಇರಲಿಲ್ಲ. ಎರಡನ್ನೂ ಈಗ ಮನೆಯಲ್ಲೇ ಕುಳಿತು ಬಿಟ್ಟಿಯಾಗಿ ನೋಡಬಹುದು. ಕಷ್ಟವೆಂದರೆ ಹೆಸರು. ಕ್ಲೇರ್‌ನಲ್ಲಿ ಅದೇ ಹೆಸರಿನ ಆರು ಹುಡುಗಿಯರು ಮೂರು ವರ್ಷಗಳಲ್ಲಿ ಹುಟ್ಟಿದ್ದರು. ಬೀಗ ತೆಗೆದದ್ದು ಮ್ಯಾಸಚೂಸೆಟ್ಸ್‌ನ ಮದುವೆ ದಾಖಲೆ. ಅದರಲ್ಲಿ ವಧುವಿನ ತಾಯಿಯ ತವರು ಹೆಸರಿತ್ತು. ಆರರಲ್ಲಿ ಒಬ್ಬಳು ಉಳಿದಳು, ಜೊತೆಗೆ ಅವಳ ಟೌನ್‌ಲ್ಯಾಂಡ್. ನಮ್ಮ ಕೊಪ್ಪಲು, ಪಾಳ್ಯಗಳಂಥ ಈ ತುಂಡುಗಳು ಆ ಪುಟ್ಟ ದೇಶದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚಿವೆ. ಕೌಂಟಿ ಗೊತ್ತು ಎನ್ನುವುದು, ಹಾಸನ ಜಿಲ್ಲೆಯವರು ಎಂದಷ್ಟೇ ಹೇಳಿ ಮನೆ ಹುಡುಕಿಸಿದ ಹಾಗೆ.

ನೋಂದಣಿಯ ಪ್ರಕಾರ ಅವಳು ಹುಟ್ಟಿದ್ದು 10 ಮೇ 1868. ಲ್ಯಾಟಿನ್‌ನಲ್ಲಿ ಬರೆದ ಚರ್ಚಿನ ಪುಸ್ತಕದ ಪ್ರಕಾರ ದೀಕ್ಷಾಸ್ನಾನ ಆದದ್ದು 2 ಏಪ್ರಿಲ್ 1868. ಹುಟ್ಟುವ ಮೊದಲೇ! ಒಂದು ಸಂಜೆಯೆಲ್ಲ ತಲೆ ಕೆರೆದುಕೊಂಡೆ. ನೋಂದಣಿಯಲ್ಲಿ ತಡವಾದರೆ ದಂಡ ತೆರಬೇಕಿತ್ತು. ಹಾಗಾಗಿ ತಡಮಾಡಿದವರು ಹುಟ್ಟಿದ ದಿನವನ್ನೇ ಮುಂದಕ್ಕೆ ತಳ್ಳುತ್ತಿದ್ದರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜನ್ಮದಿನವನ್ನೇ ಇಂದಿಗೂ ಹೊತ್ತಿರುವ ನನ್ನ ಸೋದರಮಾವನಿಗೆ ಇದನ್ನು ವಿವರಿಸಬೇಕಾಗಿ ಬರಲಿಲ್ಲ.

ವಯಸ್ಸಿನ ವಿಷಯದಲ್ಲಿ ತಾಯಿ ಮಗಳು ಇಬ್ಬರೂ ಗಟ್ಟಿಗರು. ಮಗಳು ಲೋವೆಲ್‌ನಲ್ಲಿ 1900ಕ್ಕೆ ಮೂವತ್ತು, 1910ಕ್ಕೆ ಮೂವತ್ತೇಳು. ಕ್ಲೇರ್‌ನಲ್ಲೇ ಉಳಿದ ತಾಯಿ ಅಲ್ಲಿನ ಜನಗಣತಿಯಲ್ಲಿ 1901ಕ್ಕೆ ಐವತ್ತಾರು, 1911ಕ್ಕೆ ಎಪ್ಪತ್ತೊಂದು. ಈ ಎರಡನೆಯದಕ್ಕೆ ಕಾರಣ 1909ರ ಜನವರಿಯಿಂದ ಎಪ್ಪತ್ತು ತುಂಬಿದವರಿಗೆ ಸಿಗತೊಡಗಿದ ವೃದ್ಧಾಪ್ಯ ವೇತನ, ವಾರಕ್ಕೆ ಐದು ಶಿಲಿಂಗ್‌ವರೆಗೆ. ಜನನ ನೋಂದಣಿ ಇಲ್ಲದ ಕಾಲದಲ್ಲಿ ಹುಟ್ಟಿದವಳ ವಯಸ್ಸನ್ನು ಅಲ್ಲಗಳೆಯುವುದು ಸುಲಭವಲ್ಲವಲ್ಲ.

1911ರ ಆ ಹಾಳೆಯನ್ನು ಹಿಗ್ಗಿಸಿ ನೋಡಿದೆ. ವಿಧವೆ. ಓದಲು ಬಾರದು. ಭಾಷೆ: ಐರಿಶ್ ಮತ್ತು ಇಂಗ್ಲಿಷ್. ಹೆತ್ತ ಮಕ್ಕಳ ಲೆಕ್ಕವನ್ನು ಗಂಡನಿರುವ ಹೆಂಗಸರಷ್ಟೇ ಕೊಡಬೇಕಿತ್ತು. ಇವಳು ಕೇಳದಿದ್ದರೂ ಹೇಳಿದ್ದಾಳೆ, ಯಾರೋ ಬರೆದಿದ್ದಾರೆ, ಗಣತಿಯವನು ಅಡ್ಡಗೆರೆ ಎಳೆದಿದ್ದಾನೆ. ಗೆರೆಯ ಕೆಳಗೆ 9 ಮತ್ತು 7 ಚೆನ್ನಾಗಿಯೇ ಓದಲು ಸಿಗುತ್ತವೆ.

ಲೋವೆಲ್‌ನ ಮರಣ ದಾಖಲೆಗಳಲ್ಲಿ ಮಗಳು ಕಳೆದುಕೊಂಡ ಇಬ್ಬರು ಮಕ್ಕಳಲ್ಲಿ ಒಬ್ಬ ಸಿಕ್ಕಿದ: ಗಂಡುಮಗು, ಹನ್ನೊಂದು ತಿಂಗಳು, ಆಗಸ್ಟ್ 1893. ಅವನಿಗೆ ಅಜ್ಜನ ಹೆಸರಿಟ್ಟಿದ್ದರು, ನಮ್ಮಲ್ಲಿಯ ಹಾಗೆಯೇ. ಇನ್ನೊಂದು ಮಗುವಿಗಾಗಿ 1897ರವರೆಗೆ ನೋಡಿ ಮುಗಿಸಿದ್ದೇನೆ, ಮೂರು ವರ್ಷದ ಪುಟಗಳು ಬಾಕಿ ಇವೆ. ಅತ್ತೆ ಫೋಟೊದ ಹಿಂದೆ ಬಾಲ್‌ಪೆನ್ನಿನಿಂದ ಹೆಸರು ಬರೆಯಲು ಹೊರಟಿದ್ದರು. ಕಸಿದುಕೊಂಡು ಮೆತ್ತನೆಯ ಪೆನ್ಸಿಲ್ ಕೊಟ್ಟೆ.