ಫಲಹಾರಿಣಿಯ ಅಮಾವಾಸ್ಯೆ

ನಮ್ಮ ಪಂಚಾಂಗದಲ್ಲಿ ವೈಶಾಖ ಬಹುಳ ಅಮಾವಾಸ್ಯೆಗೆ ಬಾದಾಮಿ ಅಮಾವಾಸ್ಯೆ ಎಂಬ ಹೆಸರಿದೆ. ಎಳ್ಳಮಾವಾಸ್ಯೆಗಾಗಲಿ ಮಣ್ಣೆತ್ತಿನ ಅಮಾವಾಸ್ಯೆಗಾಗಲಿ ಇರುವ ಸಡಗರ ಇದಕ್ಕಿಲ್ಲ. ಬೆಂಗಳೂರಿನ ನಮ್ಮಂಥವರ ಮನೆಗಳಲ್ಲಿ ಅದು ಬಂದುಹೋದದ್ದೇ ತಿಳಿಯುವುದಿಲ್ಲ. ಅದೇ ರಾತ್ರಿ ಬಂಗಾಳದಲ್ಲಿ, ಅವರ ಲೆಕ್ಕದಂತೆ ಜ್ಯೇಷ್ಠದ ಅಮಾವಾಸ್ಯೆಯಂದು, ಫಲಹಾರಿಣೀ ಕಾಳಿಯ ಪೂಜೆ ನಡೆಯುತ್ತದೆ. ಮಾವು, ಹಲಸು, ಲಿಚಿ ಎಂದು ಋತುವಿನ ಹಣ್ಣುಗಳನ್ನೆಲ್ಲ ದೇವಿಯ ಮುಂದೆ ಇಡುತ್ತಾರೆ. ಹೆಸರು ಕೇಳಿದೊಡನೆ ಏಕಾದಶಿಯ ಫಲಾಹಾರ ನೆನಪಾದರೆ ಅದು ನಮ್ಮ ತಪ್ಪಲ್ಲ, ಅವಲಕ್ಕಿ ಉಪ್ಪಿಟ್ಟುಗಳನ್ನೂ ಫಲಾಹಾರದ ಪಟ್ಟಿಗೆ ಸೇರಿಸಿಕೊಂಡ ಜನ ನಾವು. ಆದರೆ ಇಲ್ಲಿ ಪದದ ಕೂಡಿಕೆ ಬೇರೆ. ಕರ್ಮದ ಫಲವನ್ನು ಅಪಹರಿಸುವವಳು, ನಮ್ಮ ಕೈಯಿಂದ ಅದನ್ನು ಕಸಿದುಕೊಂಡು ಹೋಗುವವಳು ಫಲಹಾರಿಣಿ.

ಈ ರಾತ್ರಿ ಒಂದು ಹಣ್ಣನ್ನು ದೇವಿಗೆ ಒಪ್ಪಿಸಿ, ಮುಂದಿನ ವರ್ಷ ಇದೇ ಅಮಾವಾಸ್ಯೆ ಬರುವವರೆಗೆ ಅದನ್ನು ಮುಟ್ಟದಿರುವ ವ್ರತ ಬಂಗಾಳದ ಕೆಲವು ಮನೆಗಳಲ್ಲಿದೆ. ಇದೇನೂ ನಮಗೆ ಹೊಸದಲ್ಲ. ಕಾಶಿಗೆ ಹೋದವರು ಒಂದು ಹಣ್ಣು, ಒಂದು ತರಕಾರಿ ಬಿಟ್ಟುಬರುವ ಪದ್ಧತಿ ನಮ್ಮಲ್ಲಿಯೂ ಇದ್ದೇ ಇದೆ, ಹಾಗೆ ಬಿಡುವಾಗ ಹಾಗಲಕಾಯಿಯನ್ನೇ ಆರಿಸಿಕೊಳ್ಳುವ ಜಾಣತನವೂ ಇದೆ. ನಮ್ಮ ಅಮ್ಮ ಕಾಶಿಯಲ್ಲಿ ಬಿಟ್ಟದ್ದು ಸೀಬೆಹಣ್ಣು, ಅದೂ ಹಲ್ಲುಗಳು ಅಲುಗಾಡತೊಡಗಿದ್ದ ವರ್ಷ. ನಾನು ನಾಲ್ಕು ವರ್ಷಗಳ ಹಿಂದೆ ಮೊದಲ ಬಾರಿ ಈ ವ್ರತವನ್ನು ಹಿಡಿದಾಗ, ಆ ಜಾಣತನ ನನಗೂ ಬಂದೀತೆಂಬ ಭಯದಿಂದ, ರಸಪುರಿ ಮಾವನ್ನೇ ಒಪ್ಪಿಸುವುದೆಂದು ಹಟ ಹಿಡಿದೆ. ಹಣ್ಣಿನ ಕಾಲವಿನ್ನೂ ಮುಗಿದಿರಲಿಲ್ಲ. ತಟ್ಟೆಯಲ್ಲಿಟ್ಟ ಹಣ್ಣಿನ ವಾಸನೆ ಆ ರಾತ್ರಿ ದೇವರ ಮನೆಯ ಕರ್ಪೂರವನ್ನೂ ಊದುಬತ್ತಿಯನ್ನೂ ಮೀರಿಸಿತ್ತು. ತೊಟ್ಟಿನ ಬಳಿ ಸೊನೆ ಒಸರಿ ಒಣಗಿದ ಕಪ್ಪು ಗೆರೆಯೊಂದು ದೀಪದ ಬೆಳಕಿಗೆ ಮಿನುಗುತ್ತಿತ್ತು. ಜಪದ ಎಣಿಕೆ ಎರಡು ಬಾರಿ ತಪ್ಪಿತು. ಮನಸ್ಸು ಎಲ್ಲಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಈ ವ್ರತದ ಕಡೆಗೆ ನನ್ನನ್ನು ಎಳೆದದ್ದು ಹಣ್ಣಲ್ಲ, ದಕ್ಷಿಣೇಶ್ವರದ ಒಂದು ರಾತ್ರಿ. ಕಲ್ಕತ್ತೆಯ ಉತ್ತರಕ್ಕೆ, ಗಂಗೆಯ ದಡದಲ್ಲಿ, ರಾಣಿ ರಾಸಮಣಿ ಕಟ್ಟಿಸಿದ ಒಂಬತ್ತು ಶಿಖರಗಳ ಆ ದೇಗುಲದಲ್ಲಿ 1855ರ ಮೇ 31ರಂದು ಭವತಾರಿಣಿ ಕಾಳಿಯ ಪ್ರತಿಷ್ಠೆಯಾಯಿತು. ಶ್ರೀರಾಮಕೃಷ್ಣರು ಅಲ್ಲಿಯೇ ಅರ್ಚಕರಾಗಿದ್ದು, ಅಲ್ಲಿಯೇ ಹನ್ನೆರಡು ವರ್ಷಗಳ ಕಠೋರ ಸಾಧನೆ ನಡೆಸಿದರು. 1872ರ ಮಾರ್ಚಿನಲ್ಲಿ, ಗಂಡನಿಗೆ ಹುಚ್ಚು ಹಿಡಿದಿದೆಯೆಂದು ಊರಿನ ಜನ ಆಡಿಕೊಳ್ಳುವುದನ್ನು ಕೇಳಿ ಕೇಳಿ ನೊಂದಿದ್ದ ಶಾರದಾದೇವಿ, ತಂದೆಯೊಡನೆ ಜಯರಾಮವಾಟಿಯಿಂದ ನಡೆದು, ದಾರಿಯಲ್ಲಿ ಜ್ವರ ಬಂದು ಮಲಗಿ, ಕೊನೆಗೂ ದಕ್ಷಿಣೇಶ್ವರವನ್ನು ಮುಟ್ಟಿದರು. ಆಗ ಅವರಿಗಿನ್ನೂ 18 ವರ್ಷ.

ಆ ಬಳಿಕ ಬಂದ ಫಲಹಾರಿಣಿಯ ರಾತ್ರಿ ಗರ್ಭಗುಡಿಯಲ್ಲಿ ಭವತಾರಿಣಿಗೆ ವಿಶೇಷ ಪೂಜೆ ನಡೆಯುತ್ತಿದ್ದರೆ, ಶ್ರೀರಾಮಕೃಷ್ಣರ ಕೋಣೆಯಲ್ಲಿ ಗುಟ್ಟಾಗಿ ಇನ್ನೊಂದು ಪೂಜೆಗೆ ಅಣಿಯಾಗಿತ್ತು. ರಂಗೋಲಿ ಬರೆದ ಮಣೆಯಿತ್ತು, ಕಲಶವಿತ್ತು, ಹೂವು ನೈವೇದ್ಯಗಳಿದ್ದವು. ವಿಗ್ರಹ ಮಾತ್ರ ಇರಲಿಲ್ಲ. ರಾತ್ರಿ ಸುಮಾರು ಒಂಬತ್ತು ಗಂಟೆಗೆ ಶ್ರೀರಾಮಕೃಷ್ಣರು ಸನ್ನೆಮಾಡಲು ಶಾರದಾದೇವಿ ಬಂದು ಆ ಮಣೆಯ ಮೇಲೆ ಕುಳಿತರು. ಕಲಶದ ನೀರನ್ನು ಪ್ರೋಕ್ಷಿಸಿ, ಈ ಶರೀರವನ್ನೂ ಮನಸ್ಸನ್ನೂ ಶುದ್ಧಗೊಳಿಸಿ ಇಲ್ಲಿ ಪ್ರಕಟಳಾಗೆಂದು ತ್ರಿಪುರಸುಂದರಿಯನ್ನು ಪ್ರಾರ್ಥಿಸಿ, ದೇವಿಗೆ ಸಲ್ಲುವ ಹದಿನಾರು ಉಪಚಾರಗಳನ್ನೂ ಅವರಿಗೆ ಸಲ್ಲಿಸಿದರು: ಪಾದಕ್ಕೆ ಅಲತಾದ ಕೆಂಪು ಬಣ್ಣ, ಹಣೆಗೆ ಸಿಂಧೂರ, ಉಡಲು ಹೊಸ ಸೀರೆ, ಸಿಹಿಯನ್ನೂ ತಾಂಬೂಲವನ್ನೂ ತಮ್ಮ ಕೈಯಿಂದಲೇ ಬಾಯಿಗೆ. ಪೂಜೆಗೊಂಡವರೂ ಪೂಜಿಸಿದವರೂ ಸಮಾಧಿಯಲ್ಲಿ ಮುಳುಗಿದರು. ನಡುರಾತ್ರಿ ಕಳೆದು ಬಹಳ ಹೊತ್ತಿನ ಮೇಲೆ ತುಸು ಎಚ್ಚರವಾದಾಗ ಶ್ರೀರಾಮಕೃಷ್ಣರು ತಮ್ಮನ್ನೂ, ತಮ್ಮ ಜಪಮಾಲೆಯನ್ನೂ, ಅಷ್ಟು ವರ್ಷಗಳ ಸಾಧನೆಯ ಎಲ್ಲ ಫಲವನ್ನೂ ಆಕೆಯ ಪಾದಕ್ಕೆ ಅರ್ಪಿಸಿ ನಮಸ್ಕರಿಸಿದರು.

ಫಲಹಾರಿಣಿಯ ಹೆಸರು ಇಷ್ಟು ನಿಜವಾದ ಇನ್ನೊಂದು ರಾತ್ರಿ ನನಗೆ ಗೊತ್ತಿಲ್ಲ. ಆಕೆಗೆ ಒಪ್ಪಿಸಲು ಆತನ ಬಳಿ ಇದ್ದ ಹಣ್ಣು ಅದೊಂದೇ. ಪಾಪದ ಫಲವನ್ನು ದೇವಿ ಒಯ್ಯಲಿ ಎಂದು ಬೇಡುವುದು ಸುಲಭ, ಅದು ಹಾಗಲಕಾಯಿ ಬಿಟ್ಟಂತೆ. ಪುಣ್ಯದ ಫಲ ಹಾಗಲ್ಲ. ಮಾಡಿದ ಜಪದ ಲೆಕ್ಕ, ಹಿಡಿದ ಉಪವಾಸದ ಲೆಕ್ಕ, ಕಡೆಗೆ ಮಾವು ಬಿಟ್ಟೆನೆಂಬ ಲೆಕ್ಕ ಕೂಡ ರುಚಿಯಾದ ಹಣ್ಣೇ.

ಕಾಳಿಯ ರಾತ್ರಿಯಲ್ಲಿ ಷೋಡಶಿಯ, ಎಂದರೆ ಹದಿನಾರರವಳೆಂಬ ಹೆಸರಿನ ಆ ತ್ರಿಪುರಸುಂದರಿಯ, ಪೂಜೆ ಏಕೆ ಎಂಬುದು ಬಹುಕಾಲ ನನ್ನನ್ನು ಕಾಡಿದ ಪ್ರಶ್ನೆ. ಬೃಹದಾರಣ್ಯಕ ಉಪನಿಷತ್ತಿನ ಒಂದು ಮಾತನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ ನನ್ನ ಮಟ್ಟಿಗೆ ಒಂದು ಉತ್ತರ ಸಿಕ್ಕಿತು. ಕಾಲರೂಪಿಯಾದ ಪ್ರಜಾಪತಿಗೆ ಹದಿನಾರು ಕಲೆಗಳು. ಹದಿನೈದು ಕಲೆಗಳು ರಾತ್ರಿಗಳೊಂದಿಗೆ ಹೆಚ್ಚುತ್ತ ಕುಗ್ಗುತ್ತ ಇದ್ದರೆ ಹದಿನಾರನೆಯದು ಧ್ರುವ, ಅದಕ್ಕೆ ಕ್ಷಯವಿಲ್ಲ. ಅಮಾವಾಸ್ಯೆಯ ರಾತ್ರಿ ಆತ ಆ ಹದಿನಾರನೆಯ ಕಲೆಯೊಂದಿಗೆ ಉಸಿರಿರುವ ಎಲ್ಲದರ ಒಳಗೂ ಹೊಕ್ಕು, ಮರುದಿನ ಬೆಳಿಗ್ಗೆ ಮತ್ತೆ ಹುಟ್ಟುತ್ತಾನಂತೆ. ಆದ್ದರಿಂದ ಆ ರಾತ್ರಿ ಯಾವ ಜೀವಿಯನ್ನೂ, ಒಂದು ಓತಿಕ್ಯಾತವನ್ನೂ ಕೂಡ, ಕೊಲ್ಲಬಾರದೆಂದು ಉಪನಿಷತ್ತು ಹೇಳುತ್ತದೆ. ಆಕಾಶದಲ್ಲಿ ಏನೂ ಕಾಣದ ರಾತ್ರಿ ಆ ಕಲೆ ಹೋಗಿ ಅಡಗುವುದು ಪ್ರಾಣಿಗಳಲ್ಲಿ, ಮನುಷ್ಯರಲ್ಲಿ. ಹಾಗಿದ್ದ ಮೇಲೆ ಷೋಡಶಿಯನ್ನು ಪೂಜಿಸಲು ಉಸಿರಾಡುವ ಒಂದು ದೇಹವನ್ನು ಮಣೆಯ ಮೇಲೆ ಕೂರಿಸಿದ್ದರಲ್ಲಿ ಆಶ್ಚರ್ಯವೇನಿದೆ? ಇದು ಶಾಸ್ತ್ರಿಗಳು ಒಪ್ಪುವ ವ್ಯಾಖ್ಯಾನವೆಂದು ನಾನು ಹೇಳುತ್ತಿಲ್ಲ. ನನ್ನ ಅಮಾವಾಸ್ಯೆಗೆ ಇದು ಸಾಕು.

ಆ ದೇವಿ ನಮ್ಮೂರಿಗೂ ಬಂದಿದ್ದರು. 1911ರಲ್ಲಿ ರಾಮೇಶ್ವರದ ಯಾತ್ರೆ ಮುಗಿಸಿ ಬೆಂಗಳೂರಿಗೆ ಬಂದ ಶಾರದಾದೇವಿ ಬಸವನಗುಡಿಯ ಆಶ್ರಮದಲ್ಲಿ ಕೆಲವು ದಿನ ತಂಗಿದ್ದರು. ಒಂದು ದಿನ ಗವಿಗಂಗಾಧರೇಶ್ವರನ ದರ್ಶನ ಮುಗಿಸಿ ಹಿಂತಿರುಗುವ ಹೊತ್ತಿಗೆ ಆಶ್ರಮದ ಅಂಗಳ ಜನರಿಂದ ತುಂಬಿಹೋಗಿತ್ತು. ಅವರಿಗೆ ನಮ್ಮ ಭಾಷೆ ಬಾರದು, ಜನಕ್ಕೆ ಬಂಗಾಳಿ ಬಾರದು. ಎರಡು ಮಾತಾಡಲು ಬಂದಿದ್ದರೆ ಇವರಿಗೆ ಸಮಾಧಾನವಾಗುತ್ತಿತ್ತಲ್ಲ ಎಂದು ಅವರು ಪೇಚಾಡಿದಾಗ, ಹೀಗೆ ನೋಡಿದರೇ ಸಾಕು, ಮಾತು ಬೇಡವೆಂದರಂತೆ ಭಕ್ತರು. ಆಶ್ರಮದ ಹಿಂದಿನ ಬಂಡೆಯ ಮೇಲೆ ಒಂದು ಸಂಜೆ ಅವರು ಸೂರ್ಯಾಸ್ತವನ್ನು ನೋಡುತ್ತ ಕುಳಿತಿದ್ದರು. ಸುದ್ದಿ ತಿಳಿದು ಶ್ರೀರಾಮಕೃಷ್ಣರ ಶಿಷ್ಯರಾದ ಸ್ವಾಮಿ ರಾಮಕೃಷ್ಣಾನಂದರು ಧಾವಿಸಿ ಬಂದು ಕಾಲಿಗೆ ಬಿದ್ದು ದೇವೀಸ್ತುತಿಯನ್ನು ಪಠಿಸಿದರು. ವ್ರತದ ಬೆಳಿಗ್ಗೆ ನಾನು ಆ ಬಂಡೆಯವರೆಗೆ ಹೋಗಿ ಬರುತ್ತೇನೆ.

ಪೂಜೆಯ ಮಾರನೆಯ ಸಂಗತಿಯೊಂದು ಜೀವನಚರಿತ್ರೆಯಲ್ಲಿದೆ. ಪೂಜೆಯಲ್ಲಿ ಬಂದ ಸೀರೆ, ಶಂಖದ ಬಳೆಗಳನ್ನು ಏನು ಮಾಡಲಿ ಎಂದು ಶಾರದಾದೇವಿ ಕೇಳಿದರು. ಶ್ರೀರಾಮಕೃಷ್ಣರು ತುಸು ಯೋಚಿಸಿ, ನಿನ್ನ ತಾಯಿಗೆ ಕೊಡಬಹುದು, ಆದರೆ ಕೊಡುವಾಗ ಆಕೆಯನ್ನು ಸಾಮಾನ್ಯ ಮನುಷ್ಯಳೆಂದು ತಿಳಿಯದೆ ಜಗದಂಬೆಯೆಂದು ತಿಳಿದು ಕೊಡು ಎಂದರು.

ಕಳೆದ ವರ್ಷ ನಾನೂ ಕೆಂಪಂಚಿನ ಒಂದು ಹತ್ತಿ ಸೀರೆಯನ್ನು ದೇವಿಯ ಮುಂದಿಟ್ಟು, ಪೂಜೆ ಮುಗಿದ ಮೇಲೆ ಅಮ್ಮನಿಗೆ ಕೊಟ್ಟೆ. ಜಗದಂಬೆಯೆಂದು ಭಾವಿಸಲು ಪ್ರಾಮಾಣಿಕವಾಗಿಯೇ ಪ್ರಯತ್ನಿಸಿದೆ. ಬೆಳಿಗ್ಗೆ ಮಾತ್ರೆ ನುಂಗುವ ವಿಷಯಕ್ಕೆ ಇಬ್ಬರಿಗೂ ಆಗಿದ್ದ ಜಗಳ ನಡುವೆ ಬಂದು ನಿಂತಿತು. ಅಮ್ಮ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, ಎಷ್ಟು ಕೊಟ್ಟೆ ಎಂದು ಕೇಳಿದರು, ಜಾಸ್ತಿಯಾಯಿತು ಎಂದರು. ಆಮೇಲೆ ನೈವೇದ್ಯದ ರಸಪುರಿಯನ್ನು ಕೈಗೆತ್ತಿಕೊಂಡು, ಹಿಚುಕಿ ಮೆತ್ತಗೆ ಮಾಡಿ, ತೊಟ್ಟನ್ನು ಕಿತ್ತು, ಮೊಣಕೈವರೆಗೆ ರಸ ಇಳಿಯುವುದನ್ನು ಲೆಕ್ಕಿಸದೆ ಗೊರಟೆಯವರೆಗೂ ಚೀಪಿದರು. ನನಗೆ ಬೇಕೇ ಎಂದು ಕೇಳಲು ಬಾಯಿ ತೆರೆದವರು ವ್ರತ ನೆನಪಾಗಿ ಸುಮ್ಮನಾದರು.

ಸಂಜೆ ಮಳೆ ಬಂದು ನಿಂತಿದ್ದರಿಂದ ದೀಪದ ಸುತ್ತ ಹುಳುಗಳು ಮುತ್ತಿದ್ದವು, ಅವನ್ನು ಹಿಡಿಯಲು ಹಲ್ಲಿಯೊಂದು ದೇವರ ಪಟದ ಹಿಂದಿನಿಂದ ಇಣುಕಿತು. ನಾನು ಪೊರಕೆಗೆ ಕೈಹಾಕಿದೆ. ಉಪನಿಷತ್ತನ್ನು ಎಂದೂ ಓದದ ಅಮ್ಮ, ಅಂಟಾದ ಕೈಯನ್ನು ದೂರ ಹಿಡಿದುಕೊಂಡೇ, "ಅಮಾಸೆ ರಾತ್ರಿ ಅದರ ಗೋಜಿಗೆ ಯಾಕೆ ಹೋಗ್ತೀಯ, ಇರಲಿ ಬಿಡು" ಎಂದು ಹೇಳಿ ಕೈ ತೊಳೆಯಲು ಬಚ್ಚಲಿಗೆ ಹೋದರು.