ತೊರಪಳ್ಳಿಗೆ ಹೋಗಿ ಬಂದ ಭಾನುವಾರ

ಹೊಸೂರಿನ ಬಳಿಯ ತೊರಪಳ್ಳಿಗೆ ನಾನು ಹೋದದ್ದು ಅಲ್ಲಿ ಹುಟ್ಟಿದ ರಾಜಾಜಿಯವರ (ಸಿ. ರಾಜಗೋಪಾಲಾಚಾರಿ) ಮೇಲಿನ ಭಕ್ತಿಯಿಂದಲ್ಲ, ಆ ಭಾನುವಾರ ಮನೆಯಲ್ಲಿ ಕೂರಲಾಗದೆ. ಹಿಂದಿನ ವಾರ ನಮ್ಮ ಬಡಾವಣೆಯ ಸಂಘದ ವಾರ್ಷಿಕ ಸಭೆಯಲ್ಲಿ ನಾನು ಎದ್ದು ನಿಂತು, ಕೊಳವೆಬಾವಿಯ ದುರಸ್ತಿಗೆ ಒಂದೇ ಕೊಟೇಶನ್ ತರಿಸಿ ಬಿಲ್ ಪಾಸು ಮಾಡಿದ್ದು ತಪ್ಪೆಂದು ಹೇಳಿದ್ದೆ. ಅಧ್ಯಕ್ಷನಾಗಿದ್ದವನು ನನ್ನ ಮೂವತ್ತು ವರ್ಷಗಳ ಗೆಳೆಯ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಚಪ್ಪಾಳೆಯೂ ಬಿತ್ತು. (ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಉಪ್ಪಿಟ್ಟು ಬಂದಾಗ ಮಾತ್ರ ಇಂಥ ಲವಲವಿಕೆ ಕಾಣುತ್ತದೆ.) ಮರುದಿನದಿಂದ ಅವನು ಬೆಳಗಿನ ವಾಕಿಂಗಿಗೆ ಬರಲಿಲ್ಲ. ನಿಜ ಹೇಳಿದವನಿಗೆ ಇದೆಲ್ಲ ಇದ್ದದ್ದೇ ಎಂದು ನಾನು ಸಮಾಧಾನ ತಂದುಕೊಂಡಿದ್ದೆ.

ಅತ್ತಿಬೆಲೆ ದಾಟಿ ಹೊಸೂರಿನಲ್ಲಿ ಬಸ್ ಬದಲಿಸಿದೆ. ದಾರಿ ತೋರಿಸಿದ ಮುದುಕರು ಕನ್ನಡದಲ್ಲಿ ಆರಂಭಿಸಿ ತೆಲುಗಿನಲ್ಲಿ ಮುಗಿಸಿದರು. 1878ರಲ್ಲಿ ರಾಜಾಜಿ ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ. ಭಾರತದ ಗವರ್ನರ್ ಜನರಲ್ ಆಗಿ ದೆಹಲಿಯ ಆ ದೊಡ್ಡ ಭವನದಲ್ಲಿದ್ದವರು ಹುಟ್ಟಿದ್ದು ಇಷ್ಟು ಚಿಕ್ಕ ಮನೆಯಲ್ಲೇ ಎಂದು ಅಚ್ಚರಿಯಾಯಿತು. ಅವರು ಓದಿದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಮುಂದೆ ನಾನು ಅದೆಷ್ಟು ಸಲ ಓಡಾಡಿದ್ದೇನೋ, ಈ ಊರಿಗೆ ಮಾತ್ರ ಬಂದಿರಲಿಲ್ಲ.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ನೆಹರೂ ತೀರಿಕೊಂಡಾಗ ರಾಜಾಜಿ ಬರೆದ ಕೆಲವೇ ಸಾಲುಗಳು. ಸ್ವಾತಂತ್ರ್ಯ ಹೋರಾಟದಲ್ಲಿ ಜೊತೆಗಿದ್ದು, ಮುಂದೆ ನೆಹರೂ ಅವರ ಸಂಪುಟದಲ್ಲೂ ಕೆಲಸ ಮಾಡಿದ ಅವರು, ಎಂಬತ್ತರ ವಯಸ್ಸಿನಲ್ಲಿ, 1959ರಲ್ಲಿ, ಸ್ವತಂತ್ರ ಪಕ್ಷವನ್ನು ಕಟ್ಟಿ ಗೆಳೆಯನ ಆರ್ಥಿಕ ನೀತಿಯನ್ನು, ಉದ್ಯಮ ನಡೆಸಲು ಎಲ್ಲಕ್ಕೂ ಸರ್ಕಾರದ ಅನುಮತಿ ಬೇಡುವ ಪರ್ಮಿಟ್-ಲೈಸೆನ್ಸ್ ರಾಜ್ಯವೆಂದು ಕಟುವಾಗಿ ಟೀಕಿಸುತ್ತ ಬಂದವರು. 1964ರ ಮೇ 27ರಂದು ನೆಹರೂ ಹೋದಾಗ, ತನಗಿಂತ ಹನ್ನೊಂದು ವರ್ಷ ಕಿರಿಯ, ದೇಶಕ್ಕೆ ತನಗಿಂತ ಹನ್ನೊಂದು ಪಟ್ಟು ಮುಖ್ಯ, ಜನರಿಗೆ ಹನ್ನೊಂದುನೂರು ಪಟ್ಟು ಪ್ರಿಯ ಎಂದು ಬರೆದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಸತ್ತವರಿಗೆ ಸಲ್ಲಿಸುವ ಮರ್ಯಾದೆಯ ಮಾತಾಗಿರುತ್ತಿತ್ತು. ಆದರೆ ತಾನು ಹೋರಾಡುತ್ತಿದ್ದ ತಪ್ಪುಗಳನ್ನು ತಿದ್ದುವ ಶಕ್ತಿ ನೆಹರೂ ಒಬ್ಬರಿಗೇ ಇತ್ತೆಂಬುದು ತನಗೆ ಮೊದಲಿನಿಂದಲೂ ಗೊತ್ತಿತ್ತು, ಅವರು ಹೋದದ್ದರಿಂದ ತನ್ನ ಹೋರಾಟಕ್ಕೇ ಬಲ ಕುಂದಿತು ಎಂದೂ ಅವರು ಬರೆದರು. ಟೀಕೆಯಲ್ಲಿ ಒಂದಕ್ಷರವನ್ನೂ ಹಿಂತೆಗೆದುಕೊಳ್ಳಲಿಲ್ಲ.

ಈ ಮಾತು ಹಿಂದೆ ಓದಿದಾಗ ಚೆಂದವೆನಿಸಿತ್ತು; ಅಂದು ಚುಚ್ಚಿತು. ಬಿಲ್ಲಿನ ವಿಷಯ ನನಗೆ ಸಭೆಗೆ ಹತ್ತು ದಿನ ಮೊದಲೇ ತಿಳಿದಿತ್ತು. ಆ ಹತ್ತೂ ದಿನ ಅವನ ಜೊತೆ ಕೆರೆ ಏರಿಯ ಮೇಲೆ ನಡೆದಿದ್ದೆ, ಮೊಮ್ಮಗಳ ಶಾಲೆಯ ಫೀಸಿನವರೆಗೆ ಎಲ್ಲವನ್ನೂ ಮಾತಾಡಿದ್ದೆ, ಇದೊಂದನ್ನು ಬಿಟ್ಟು. ಹೇಳಿದರೆ ಅವನು ತಿದ್ದಿಕೊಳ್ಳಬಹುದು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಬಂದಿದ್ದರೂ, ಚಪ್ಪಾಳೆ ತಪ್ಪುತ್ತದೆಂದು ಬಾಯಿ ಬಿಡುತ್ತಿದ್ದೆನೋ ಇಲ್ಲವೋ.

ಸಂಜೆ ಬಸ್ ಇಳಿದವನು ನೇರ ಅವನ ಮನೆಗೆ ಹೋದೆ. ಗೇಟಿನ ಒಳಗೆ ಪೈಪು ಹಿಡಿದು ಕರಿಬೇವಿನ ಗಿಡಕ್ಕೆ ನೀರು ಬಿಡುತ್ತಿದ್ದ.

“ಏನೋ, ಇನ್ನೊಂದು ಬಿಲ್ ಸಿಕ್ಕಿತಾ?” ಎಂದ, ತಲೆ ಎತ್ತದೆ.

“ಅದು ತಪ್ಪು ಅಂತಲೇ ಈಗಲೂ ಹೇಳ್ತೀನಿ ಕಣೋ. ಆದರೆ ನಿನಗೆ ಮೊದಲು ಹೇಳಬೇಕಾಗಿತ್ತು.”

“ಹೇಳಬೇಕಾಗಿತ್ತು,” ಎಂದ. ನೀರು ನಿಲ್ಲಿಸಿ, ಕೈ ಒರೆಸಿಕೊಂಡು ಒಳಗೆ ಹೋದವನು ಸಂಘದ ಫೈಲನ್ನು ತಂದು ಜಗುಲಿಯ ಮೇಲಿಟ್ಟು, ಕನ್ನಡಕ ಹುಡುಕತೊಡಗಿದ.