ಮಗಳ ಹೆಸರಿಗೆ ಬಂದ ಪತ್ರ, ಅಮ್ಮನ ಹೆಸರಿನಲ್ಲಿದ್ದ ಸಾಲ

ಕೆಲವು ವಾರಗಳ ಹಿಂದೆ ನಮ್ಮ ಎಂಟು ವರ್ಷದ ಮಗಳ ಹೆಸರಿಗೆ ಒಂದು ಪತ್ರ ಬಂತು. ಅವಳನ್ನು ಹುಟ್ಟಿದಾಗಿನಿಂದ ತೋರಿಸುತ್ತಿರುವ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಯಾರೋ ಕನ್ನ ಹಾಕಿದ್ದಾರೆಂದೂ, ಕಳುವಾದ ಮಾಹಿತಿಯಲ್ಲಿ ಅವಳ ಹೆಸರು, ಹುಟ್ಟಿದ ದಿನಾಂಕ ಮತ್ತು ಇಲ್ಲಿ ಸಾಲಕ್ಕೂ ಕೆಲಸಕ್ಕೂ ಗುರುತಾಗಿ ಕೇಳುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸೇರಿರಬಹುದೆಂದೂ, ಆದ್ದರಿಂದ ಎರಡು ವರ್ಷಗಳ ಕಾಲ ಅವಳಿಗೆ ಕ್ರೆಡಿಟ್ ಮಾನಿಟರಿಂಗ್ ಸೇವೆಯನ್ನು ಉಚಿತವಾಗಿ ಕೊಡಲಾಗುವುದೆಂದೂ ಅದರಲ್ಲಿ ಬರೆದಿತ್ತು. ಅಮೆರಿಕದಲ್ಲಿ ಇಂಥ ಪತ್ರಗಳು ಅಪರೂಪವಲ್ಲ. ನನಗೂ ನನ್ನ ಪತಿಗೂ ಹಿಂದೆ ಬಂದಿವೆ. ಆದರೆ ಇನ್ನೂ ಮಗ್ಗಿ ಕಲಿಯುತ್ತಿರುವ ಮಗುವಿನ ಸಾಲಗಳ ಮೇಲೆ ನಿಗಾ ಇಡುತ್ತೇವೆ ಎಂಬ ಮಾತನ್ನು ಓದಿ ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು.

ಮರುದಿನ ಬೆಳಗ್ಗೆ ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸಿದ ಮೇಲೆ ಪಕ್ಕದ ಮನೆಯಾಕೆಗೆ ಈ ವಿಷಯ ಹೇಳಿದೆ. ಮೂವತ್ತೇಳು ಮೂವತ್ತೆಂಟು ವಯಸ್ಸಿನ, ಹೆಚ್ಚು ಮಾತಿಲ್ಲದ ಹೆಂಗಸು ಆಕೆ. "ನಿಗಾ ಸೇವೆ ಸಾಲದು, ಹೊಸ ಸಾಲ ಹುಟ್ಟದಂತೆ ಅವಳ ಹೆಸರನ್ನೇ ಫ್ರೀಜ್ ಮಾಡಿಸಿ" ಎಂದರು. ಅಷ್ಟೊಂದು ಹೆದರಬೇಕೇ ಎಂದು ನಾನು ಕೇಳಿದಾಗ ಆಕೆ ಹೇಳಿದ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ: "ನನ್ನ ಹೆಸರಿನಲ್ಲಿ ಮೊದಲ ಸಾಲ ಮಾಡಿದವರು ನನ್ನ ತಂದೆ. ಆಗ ನನಗೆ ಹನ್ನೊಂದು ವರ್ಷ."

ತಂದೆಗೆ ಕೆಲಸ ಹೋಗಿತ್ತು, ಅವರ ಹೆಸರಿನಲ್ಲಿ ಯಾರೂ ಸಾಲ ಕೊಡುತ್ತಿರಲಿಲ್ಲ. ಮಗಳ ಸಂಖ್ಯೆಯನ್ನು ಬರೆದು, ಹುಟ್ಟಿದ ವರ್ಷವನ್ನು ಬದಲಿಸಿ, ಮೊದಲು ವಿದ್ಯುತ್ ಸಂಪರ್ಕವನ್ನೂ ಆಮೇಲೆ ಒಂದು ಕ್ರೆಡಿಟ್ ಕಾರ್ಡನ್ನೂ ಪಡೆದರು. ಮಗಳಿಗೆ ಅದು ತಿಳಿದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬಾಡಿಗೆ ಮನೆಗೆ ಹಾಕಿದ ಅರ್ಜಿ ತಿರಸ್ಕೃತವಾದಾಗ. ತನ್ನ ಕ್ರೆಡಿಟ್ ವರದಿಯನ್ನು ಜೀವನದಲ್ಲಿ ಮೊದಲ ಬಾರಿ ತರಿಸಿಕೊಂಡು ನೋಡಿದರೆ, ತಾನು ಎಂದೂ ಕಂಡಿರದ ಖಾತೆಗಳ ಬಾಕಿ ಪುಟಗಟ್ಟಲೆ ಇತ್ತು. ಗುರುತಿನ ಕಳವಿನ ದೂರು ಕೊಟ್ಟರೆ, ಈ ವರದಿಗಳನ್ನು ಇಡುವ ಬ್ಯೂರೋಗಳು ಅಂಥ ಸಾಲಗಳನ್ನು ವರದಿಯಿಂದ ತೆಗೆಯಬೇಕೆಂದು ಇಲ್ಲಿಯ ಕಾನೂನು ಹೇಳುತ್ತದೆ. ಆದರೆ ಆ ದೂರಿನಲ್ಲಿ ಕಳ್ಳನೆಂದು ಸ್ವಂತ ತಂದೆಯತ್ತ ಬೊಟ್ಟು ಮಾಡಬೇಕಿತ್ತು. ಆಕೆ ದೂರು ಕೊಡಲಿಲ್ಲ; ದುಡಿದು ತಾನೇ ತೀರಿಸಿದಳು. ತೀರಿಸಿದ ಮೇಲೂ ಹಳೆಯ ತಪ್ಪಿದ ಕಂತುಗಳ ದಾಖಲೆ ವರದಿಯಲ್ಲಿ ಉಳಿದಿತ್ತು, ಏಕೆಂದರೆ ಇಲ್ಲಿ ಅಂಥ ದಾಖಲೆಯ ಆಯುಷ್ಯ ಏಳು ವರ್ಷ.

"ಕೇಳಿದ್ದರೆ ಬಹುಶಃ ಕೊಡುತ್ತಿದ್ದೆ. ಕೇಳಲಿಲ್ಲ" ಎಂದಷ್ಟೇ ಹೇಳಿ ಆಕೆ ಒಳಗೆ ಹೋದರು.

ಊರಿನ ಓದುಗರಿಗಾಗಿ ಇಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಅಮೆರಿಕದಲ್ಲಿ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಟ್ರಾನ್ಸ್‌ಯೂನಿಯನ್ ಎಂಬ ಮೂರು ದೊಡ್ಡ ಬ್ಯೂರೋಗಳು ಪ್ರತಿಯೊಬ್ಬರ ಸಾಲದ ಚರಿತ್ರೆಯನ್ನು ಬರೆದಿಡುತ್ತವೆ. ಯಾವ ಬ್ಯಾಂಕಿನಿಂದ ಎಷ್ಟು ಪಡೆದಿರಿ, ಯಾವ ತಿಂಗಳ ಕಂತು ತಡವಾಯಿತು, ಯಾರು ನಿಮ್ಮ ವರದಿಯನ್ನು ಕೇಳಿ ನೋಡಿದರು ಎಂಬುದೆಲ್ಲ ಅದರಲ್ಲಿರುತ್ತದೆ. ನಿಮ್ಮ ಸಂಬಳವಾಗಲಿ, ಬ್ಯಾಂಕಿನಲ್ಲಿಟ್ಟ ಉಳಿತಾಯವಾಗಲಿ ಇರುವುದಿಲ್ಲ. ಸಾಲ ಕೊಡುವವರು ಮಾತ್ರವಲ್ಲದೆ ಮನೆ ಬಾಡಿಗೆಗೆ ಕೊಡುವವರು, ವಿಮೆಯ ಕಂಪನಿಗಳು, ಕೆಲವು ಉದ್ಯೋಗದಾತರು ಕೂಡ ಇದನ್ನು ನೋಡುತ್ತಾರೆ. ಹೀಗೆ ನಮ್ಮ ಬಗ್ಗೆ ಬರೆದಿಟ್ಟದ್ದನ್ನು ನಾವು ಓದುವ ಮತ್ತು ತಪ್ಪಿದ್ದರೆ ಪ್ರಶ್ನಿಸುವ ಹಕ್ಕು 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯಿಂದ ಬಂತು. ಪ್ರತಿ ಬ್ಯೂರೋದಿಂದಲೂ ವರ್ಷಕ್ಕೊಂದು ವರದಿ ಉಚಿತವಾಗಿ ಸಿಗಬೇಕೆಂಬ ನಿಯಮ 2003ರ ಕಾನೂನಿನದು. ಕೊರೊನಾ ಕಾಲದಲ್ಲಿ ವಾರಕ್ಕೊಮ್ಮೆ ಕೊಡತೊಡಗಿದರು, 2023ರಲ್ಲಿ ಅದನ್ನೇ ಕಾಯಂ ಮಾಡಿದರು. ಸ್ವಂತ ವರದಿಯನ್ನು ನೋಡಿಕೊಂಡರೆ ಸ್ಕೋರ್, ಅಂದರೆ ಆ ಚರಿತ್ರೆಗೆ ಕೊಡುವ ಅಂಕ, ಇಳಿಯುತ್ತದೆಂಬ ಮಾತು ಇಲ್ಲಿಯೂ ಊರಿನಲ್ಲಿಯೂ ಕಿವಿಗೆ ಬೀಳುತ್ತದೆ. ಅದು ನಿಜವಲ್ಲ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ನೋಡುವುದು ಬೇರೆ, ನಾವೇ ನೋಡಿಕೊಳ್ಳುವುದು ಬೇರೆ.

ನಿಗಾ ಸೇವೆಗೂ ಫ್ರೀಜ್‌ಗೂ ಇರುವ ವ್ಯತ್ಯಾಸವನ್ನು ನಾನು ಚೆನ್ನಾಗಿ ಅರಿತದ್ದು ನೆರೆಯಾಕೆಯಿಂದಲೇ. ನಿಮ್ಮ ಹೆಸರಿನಲ್ಲಿ ಹೊಸ ಖಾತೆ ತೆರೆದರೆ, ಯಾರಾದರೂ ವರದಿ ಕೇಳಿದರೆ, ವಿಳಾಸ ಬದಲಾದರೆ ನಿಗಾ ಸೇವೆ ಸಂದೇಶ ಕಳಿಸುತ್ತದೆ. ಅಂದರೆ ನಡೆದುಹೋದುದನ್ನು ತಿಳಿಸುತ್ತದೆಯೇ ಹೊರತು ನಡೆಯುವುದನ್ನು ತಡೆಯುವುದಿಲ್ಲ. ಕೆಲವು ಸೇವೆಗಳು ಮೂರರಲ್ಲಿ ಒಂದೇ ಬ್ಯೂರೋವನ್ನು ಗಮನಿಸುತ್ತವೆ. ಕಳ್ಳನು ಅರ್ಜಿ ಹಾಕಿದ ಬ್ಯಾಂಕು ಬೇರೊಂದು ಬ್ಯೂರೋವನ್ನು ಕೇಳಿದರೆ ನಮಗೆ ಸುದ್ದಿಯೇ ಬರುವುದಿಲ್ಲ. ಫ್ರೀಜ್ ಮಾಡಿದರೆ ಹೊಸದಾಗಿ ಸಾಲ ಕೊಡಲು ಬಂದ ಸಂಸ್ಥೆಗೆ ವರದಿ ತೆರೆಯುವುದೇ ಇಲ್ಲ. ವರದಿ ಕಾಣದೆ ಯಾರೂ ಸುಲಭವಾಗಿ ಸಾಲ ಕೊಡುವುದಿಲ್ಲ. ನಮಗೇ ಸಾಲ ಬೇಕಾದಾಗ ಆನ್‌ಲೈನ್ ಮೂಲಕ ಕೇಳಿದರೆ ಒಂದು ಗಂಟೆಯೊಳಗೆ ತೆರೆದುಕೊಡಬೇಕು. ಹಿಂದೆ ಹಲವು ರಾಜ್ಯಗಳಲ್ಲಿ ಇದಕ್ಕೆ ಶುಲ್ಕವಿತ್ತು. 2017ರಲ್ಲಿ ಈಕ್ವಿಫ್ಯಾಕ್ಸ್‌ನಿಂದಲೇ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿಹೋದ ಮೇಲೆ ಜನರ ಆಕ್ರೋಶ ಎಷ್ಟಿತ್ತೆಂದರೆ, ಮರುವರ್ಷವೇ ಕಾನೂನು ತಂದು 2018ರ ಸೆಪ್ಟೆಂಬರ್‌ನಿಂದ ಫ್ರೀಜ್ ಅನ್ನು ದೇಶದಾದ್ಯಂತ ಉಚಿತ ಮಾಡಿದರು. ಹದಿನಾರು ವರ್ಷದೊಳಗಿನ ಮಕ್ಕಳ ಪರವಾಗಿ ಹೆತ್ತವರು ಫ್ರೀಜ್ ಮಾಡಿಸಬಹುದೆಂಬುದೂ ಅದೇ ಕಾನೂನಿನಲ್ಲಿದೆ. ಮಗುವಿನ ಹೆಸರಿನಲ್ಲಿ ಕಡತವೇ ಇರದಿದ್ದರೆ ಬ್ಯೂರೋ ಹೊಸದಾಗಿ ಒಂದನ್ನು ತೆರೆದು ಅದನ್ನು ಮುಚ್ಚಿಡಬೇಕು. ಮಗಳ ಜನನ ಪತ್ರ ಮತ್ತು ನಮ್ಮ ಗುರುತಿನ ಚೀಟಿಗಳ ಪ್ರತಿಗಳನ್ನು ಮೂರೂ ಬ್ಯೂರೋಗಳಿಗೆ ಅಂಚೆಯಲ್ಲಿ ಕಳಿಸಿದೆವು. ಅವಳ ಹೆಸರಿನಲ್ಲಿ ಯಾವ ಕಡತವೂ ಇರಲಿಲ್ಲವೆಂದು ಉತ್ತರ ಬಂದಾಗ ಸಮಾಧಾನವಾಯಿತು.

ಆದರೆ ನನ್ನ ಮನಸ್ಸು ಅಷ್ಟರಲ್ಲಿ ಮಗಳನ್ನು ಬಿಟ್ಟು ಅಮ್ಮನತ್ತ ಹೋಗಿತ್ತು. ನಮ್ಮ ಮನೆಯಲ್ಲಿ ಯಾರೂ ಯಾರ ಸಂಖ್ಯೆಯನ್ನೂ ಕದ್ದವರಲ್ಲ, ಕದಿಯುವ ಅಗತ್ಯವೂ ಇರಲಿಲ್ಲ. ಅಪ್ಪ ಕಾಗದ ತಂದು ಬೆರಳಿಟ್ಟು ತೋರಿಸಿದ ಕಡೆಗಳಲ್ಲೆಲ್ಲ ಅಮ್ಮ ಸಹಿ ಮಾಡುತ್ತಿದ್ದರು. ಮನೆ ಸಾಲಕ್ಕೆ ಸಹ ಅರ್ಜಿದಾರರಾಗಿ, ಚಿಕ್ಕಪ್ಪನ ವಾಹನದ ಸಾಲಕ್ಕೆ ಜಾಮೀನುದಾರರಾಗಿ ಸಹಿ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಏನು ಬರೆದಿದೆಯೆಂದು ಅವರು ಕೇಳಲಿಲ್ಲ, ಅಪ್ಪ ಹೇಳಲೂ ಇಲ್ಲ. ಒಲೆ ಆರಿಸಿ ಬಂದು, ಸೆರಗಿಗೆ ಕೈ ಒರೆಸಿಕೊಂಡು, ತಮ್ಮ ಹೆಸರನ್ನು ದುಂಡಾದ ಅಕ್ಷರಗಳಲ್ಲಿ ನಿಧಾನವಾಗಿ ಬರೆದು ಹೋಗುತ್ತಿದ್ದರು. ಹೆಂಡತಿಯ ಸಹಿಯನ್ನು ಕೇಳುವುದೆಂದರೆ ಅದೊಂದು ಔಪಚಾರಿಕತೆ ಎಂದೇ ನಾವೆಲ್ಲ ತಿಳಿದಿದ್ದೆವು. ಓದಿ ಸಹಿ ಮಾಡುತ್ತೇನೆ ಎಂದಿದ್ದರೆ ಮನೆಯಲ್ಲಿ ಅದು ಅಪನಂಬಿಕೆಯ ಮಾತಾಗುತ್ತಿತ್ತು.

ಆ ವಾರದ ಕೊನೆಯಲ್ಲಿ ಫೋನು ಮಾಡಿ ಅಮ್ಮನ ಕೈಯಲ್ಲೇ ಅವರ ವರದಿಯನ್ನು ತೆಗೆಸಿದೆ. ಭಾರತದಲ್ಲಿ ಇಂಥ ನಾಲ್ಕು ಸಂಸ್ಥೆಗಳಿವೆ: ಎಲ್ಲರೂ ಸಿಬಿಲ್ ಎಂದು ಕರೆಯುವ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ರಿಸರ್ವ್ ಬ್ಯಾಂಕಿನ ನಿಯಮದಂತೆ 2017ರ ಜನವರಿಯಿಂದ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಪ್ಯಾನ್ ಸಂಖ್ಯೆ ಮತ್ತು ಮೊಬೈಲಿಗೆ ಬಂದ ಒಟಿಪಿ ಹಾಕಿ ಅಮ್ಮ ಪುಟ ತೆರೆದರು. ಮನೆ ಸಾಲ ತೀರಿದ್ದು ಸರಿಯಾಗಿ ದಾಖಲಾಗಿತ್ತು. ಚಿಕ್ಕಪ್ಪನ ವಾಹನದ ಸಾಲ ಮಾತ್ರ ಜಾಮೀನುದಾರರ ಹೆಸರಿನಲ್ಲಿ ಹಾಗೆಯೇ ಇತ್ತು. ನಡುವೆ ಹಲವು ತಿಂಗಳ ಕಂತುಗಳು ತಡವಾಗಿದ್ದವು, ಮೇಲಾಗಿ ವರ್ಷಗಳ ಹಿಂದೆಯೇ ಪೂರ್ತಿ ತೀರಿದ ಸಾಲ ಇನ್ನೂ ಚಾಲ್ತಿಯಲ್ಲಿದೆ ಎಂದು ತೋರಿಸುತ್ತಿತ್ತು. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಕಂತು ತಪ್ಪಿಸಿದ್ದು ಅವರು, ಹೆಸರು ಕೆಟ್ಟದ್ದು ನನ್ನದಾ?" ಎಂದರು. ಸಾಲವನ್ನೇ ಮಾಡದ, ಹಾಲಿನವನ ಲೆಕ್ಕವನ್ನೂ ತಿಂಗಳ ಮೊದಲ ದಿನವೇ ಚುಕ್ತಾ ಮಾಡುವ ಹೆಂಗಸಿನ ಪ್ರಶ್ನೆ ಅದು.

ನೆರೆಯಾಕೆಯ ಕಥೆ ಕೇಳಿದಾಗ, ನಮ್ಮಲ್ಲಿ ಹೀಗೆ ನಡೆಯಲಾರದು ಎಂದು ಒಳಗೊಳಗೇ ಅಂದುಕೊಂಡಿದ್ದೆ. ಈಗ ಅಷ್ಟು ಧೈರ್ಯದಿಂದ ಹೇಳಲಾರೆ. ಆಕೆಯನ್ನು ಕೇಳಲಿಲ್ಲ, ನನ್ನ ಅಮ್ಮನಿಗೆ ತಿಳಿಸಲಿಲ್ಲ. ಎರಡರ ನಡುವೆ ಕಾನೂನಿನಲ್ಲಿ ದೊಡ್ಡ ಅಂತರವಿದೆ, ಹೆಸರು ಕೆಟ್ಟವರ ಪಾಲಿಗೆ ಅಷ್ಟಿಲ್ಲ. ಸ್ವಸಹಾಯ ಗುಂಪಿನಲ್ಲಿ ಹೆಂಡತಿಯ ಹೆಸರಿನಲ್ಲಿ ಸಾಲ ಎತ್ತಿ ಗಂಡ ಖರ್ಚು ಮಾಡುವುದು, ಸೊಸೆಯ ಒಡವೆಯನ್ನು ಅವಳದೇ ಸಹಿಯಿಂದ ಅಡವಿಡುವುದು, ಅಜ್ಜಿಯ ಪ್ಯಾನ್ ಕಾರ್ಡಿನ ಪ್ರತಿಯನ್ನು ಮೊಮ್ಮಗ ಕಂತಿನ ಮೊಬೈಲಿಗೆ ಕೊಡುವುದು ನಮಗೆಲ್ಲರಿಗೂ ಗೊತ್ತಿರುವ ಸಂಗತಿಗಳೇ. ಇವುಗಳ ದಾಖಲೆ ಈಗ ಅವರವರ ಹೆಸರಿನಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತಿದೆ. ಅದನ್ನು ಓದದಿರುವವರು ಹೆಚ್ಚಾಗಿ ಹೆಂಗಸರು ಎಂಬುದು ನನಗೆ ನೋವಿನ ವಿಷಯ.

ಅಮ್ಮ ಮಾತ್ರ ಅಲ್ಲಿಗೆ ಬಿಡಲಿಲ್ಲ. ಚಿಕ್ಕಪ್ಪನ ಮನೆಗೆ ಹೋಗಿ ಹಳೆಯ ಬೇಬಾಕಿ ಪತ್ರ ಹುಡುಕಿಸಿ, ಅದನ್ನು ಲಗತ್ತಿಸಿ ದೂರು ಸಲ್ಲಿಸಿದರು. ಬ್ಯೂರೋ ತಾನಾಗಿಯೇ ಏನನ್ನೂ ತಿದ್ದುವಂತಿಲ್ಲ, ಸಾಲ ಕೊಟ್ಟ ಸಂಸ್ಥೆ ಒಪ್ಪಬೇಕು. ಆದರೂ ಈ ವಿಷಯದಲ್ಲಿ ನಮ್ಮ ದೇಶದ ಬಗ್ಗೆ ಹೆಮ್ಮೆಪಡುವ ಒಂದು ನಿಯಮವಿದೆ: ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದ್ದು, ಅದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ವರದಿಯನ್ನು ಯಾವುದಾದರೂ ಸಂಸ್ಥೆ ತೆರೆದು ನೋಡಿದರೆ ನಮಗೆ ಎಸ್‌ಎಂಎಸ್ ಅಥವಾ ಇಮೇಲ್ ಬರಬೇಕೆಂಬುದೂ ರಿಸರ್ವ್ ಬ್ಯಾಂಕಿನ ನಿಯಮವೇ. ಆದ್ದರಿಂದ ಬ್ಯಾಂಕಿನಲ್ಲಿ ಕೊಟ್ಟ ಮೊಬೈಲ್ ಸಂಖ್ಯೆ ಮಗನದೋ ಗಂಡನದೋ ಆಗಿರದೆ ಸ್ವಂತದ್ದಾಗಿರುವುದು ಮುಖ್ಯ. ಅಮ್ಮನ ಖಾತೆ ಗಡುವಿನೊಳಗೆ ಸರಿಯಾಯಿತು. ತಡವಾದ ಕಂತುಗಳ ದಾಖಲೆ ಉಳಿದಿದೆ, ಅದು ನಿಜವಾಗಿಯೂ ನಡೆದದ್ದು. ಅಮೆರಿಕದಲ್ಲಿರುವಂತೆ ಸ್ವಂತ ವರದಿಯನ್ನು ಫ್ರೀಜ್ ಮಾಡುವ ಹಕ್ಕನ್ನು ಭಾರತದ ಕಾನೂನು ಇನ್ನೂ ಕೊಟ್ಟಿಲ್ಲ. ಪ್ಯಾನ್ ಕಾರ್ಡಿನ ಪ್ರತಿಗಳು ಜೆರಾಕ್ಸ್ ಅಂಗಡಿಯಿಂದ ಹೋಟೆಲಿನ ಕೌಂಟರಿನವರೆಗೆ ಹರಡಿರುವ ನಾಡಿಗೆ ಅದು ತುರ್ತಾಗಿ ಬೇಕು.

ಈಗ ಅಮ್ಮ ತಮ್ಮ ಭಜನಾ ಮಂಡಳಿಯ ಹೆಂಗಸರಿಗೆಲ್ಲ ವರದಿ ತೆಗೆದು ಓದುವುದನ್ನು ಕಲಿಸುತ್ತಿದ್ದಾರೆ. ಅವರಲ್ಲೊಬ್ಬರಿಗೆ ತಾವು ಮಾಡದ ಒಂದು ಸಣ್ಣ ಸಾಲ ಸಿಕ್ಕಿದೆ, ಮಾಡಿದವನು ಅವರದೇ ತಂಗಿಯ ಮಗನಿರಬೇಕೆಂಬ ಅನುಮಾನವೂ ಇದೆ. ಅವನ ಹೆಸರು ಹೇಳದೆ ದೂರು ಕೊಡಬಹುದೇ ಎಂದು ಅಮ್ಮ ನಿನ್ನೆ ಕೇಳಿದರು. ಈ ಖಾತೆ ನನ್ನದಲ್ಲ ಎಂದಷ್ಟೇ ಬರೆದರೆ ದೂರು ದಾಖಲಾಗುತ್ತದೆ, ಆದರೆ ಸಾಲ ಕೊಟ್ಟವರು ವಿಚಾರಿಸಲು ಹೊರಟರೆ ಹೆಸರು ಹೊರಗೆ ಬಂದೀತು ಎಂದೆ. ಆಕೆ ಇನ್ನೂ ಯೋಚಿಸುತ್ತಿದ್ದಾರಂತೆ.